ಅಪ್ಪ ಚಾಪೆ ಹತ್ತಿದ ದಿನ

ಅಮ್ಮ ತೀರಿಕೊಂಡ ವರ್ಷ ಆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಟಿವಿ ರಿಪೇರಿ ಮಾಡುತ್ತಿದ್ದ ಅಪ್ಪ ಒಂದು ಸಂಜೆ ಪ್ಲಾಸ್ಟಿಕ್ ಚಾಪೆಯೊಂದನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇರುಕಿಕೊಂಡು ಬಂದ. ಜೊತೆಗೊಂದು ವಿಡಿಯೋ ಗೇಮ್ ಪೆಟ್ಟಿಗೆ. ರಿಪೇರಿಗೆ ಕೊಟ್ಟ ಗಿರಾಕಿ ವರ್ಷವಾದರೂ ಇತ್ತ ತಲೆ ಹಾಕಿರಲಿಲ್ಲವಂತೆ.

ಚಾಪೆಯ ಮೇಲೆ ನಾಲ್ಕು ದಿಕ್ಕಿಗೆ ನಾಲ್ಕು ಬಾಣ. ಟಿವಿಗೆ ಜೋಡಿಸಿದರೆ ಹಾಡು ಶುರುವಾಗಿ, ಪರದೆಯ ಕೆಳಗಿನಿಂದ ಬಾಣಗಳು ಮೇಲೇರುತ್ತಿದ್ದವು. ಅವು ಗೆರೆ ಮುಟ್ಟುವ ಹೊತ್ತಿಗೆ ಸರಿಯಾಗಿ ಕಾಲಡಿಯ ಬಾಣ ತುಳಿಯಬೇಕು. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು; ತಂಗಿಗೆ ಆಗ ಹತ್ತು ವರ್ಷ, ಅಕ್ಕನಿಗೆ ಹದಿಮೂರು. ಮೊದಲ ದಿನ ಒಬ್ಬರ ಕಾಲು ಒಬ್ಬರು ತುಳಿದು, ಬಿದ್ದು, ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಅಡುಗೆಮನೆಯಲ್ಲಿ ಅಪ್ಪ ಸೌಟು ಹಿಡಿದು ಹಾಗೇ ನಿಂತುಬಿಟ್ಟಿದ್ದನ್ನು ತಂಗಿ ನೋಡಿದಳು.

ನಾಲ್ಕನೇ ದಿನ ಕೆಳಮನೆಯ ಟೈಪಿಂಗ್ ಟೀಚರ್ ಮುಖ ಗಂಟು ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದರು. ಅಪ್ಪ ಬಾಗಿಲಲ್ಲೇ ತಪ್ಪಾಯಿತು ಎನ್ನತೊಡಗಿದ. ಅವರು ತಂಗಿಯ ಪಾದಗಳನ್ನೇ ನೋಡುತ್ತಿದ್ದರು.

"ಸದ್ದು ಮಾಡೋದಾದ್ರೆ ಲಯಕ್ಕಾದ್ರೂ ಮಾಡು," ಎಂದರು. "ನಿನ್ನ ಎಡಗಾಲು ಯಾವಾಗ್ಲೂ ತಡ. ಕೆಳಗೆ ಕೂತು ಕೇಳೋಕಾಗ್ತಿಲ್ಲ."

ಚಪ್ಪಲಿ ಬಿಟ್ಟು ತಾವೇ ಚಾಪೆ ಹತ್ತಿದರು. ಮೂವತ್ತು ವರ್ಷ ಹಾಡು ಹಾಕಿ ಟೈಪಿಂಗ್ ಕಲಿಸಿದ ಜೀವ; ಕೆಳಗೆ ನೋಡದೆ ಒತ್ತುವ ವಿದ್ಯೆ ಬೆರಳಿನಿಂದ ಕಾಲಿಗಿಳಿಯಲು ವಾರವೂ ಹಿಡಿಯಲಿಲ್ಲ. ಆಮೇಲೆ ಪ್ರತಿ ಶನಿವಾರ ಅವರು ಹಾಜರ್. ಅಕ್ಕನನ್ನು ಸೋಲಿಸಿದ ದಿನವಂತೂ ಎಳೆ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರು. ಅಪ್ಪ ಮಾತ್ರ ಏನು ಮಾಡಿದರೂ ಹತ್ತುತ್ತಿರಲಿಲ್ಲ. ತನ್ನ ಕಾಲು ತನ್ನ ಮಾತೇ ಕೇಳುವುದಿಲ್ಲ ಎಂದು ಜಾರಿಕೊಳ್ಳುತ್ತಿದ್ದ.

ಒಂದು ಮಧ್ಯಾಹ್ನ ಮೈ ಬಿಸಿಯೆಂದು ತಂಗಿಯನ್ನು ಶಾಲೆಯಿಂದ ಬೇಗ ಕಳಿಸಿದರು. ಕಿಟಕಿಯಲ್ಲಿ ನೋಡಿದರೆ, ಅಪ್ಪ ಪ್ಯಾಂಟು ಮೊಣಕಾಲಿಗೆ ಮಡಚಿ ಚಾಪೆಯ ಮೇಲೆ ಬೆವರುತ್ತಿದ್ದ. ಕುರ್ಚಿಯಲ್ಲಿ ಕೂತ ಟೀಚರ್ "ಎಡ, ಬಲ, ಹಿಂದೆ, ಅಯ್ಯೋ ಹಿಂದೆ" ಎನ್ನುತ್ತಿದ್ದರು. ತಂಗಿ ಸದ್ದಿಲ್ಲದೆ ಇಳಿದು ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಯಾರಿಗೂ ಹೇಳಲಿಲ್ಲ.

ಅಕ್ಕನ ಹುಟ್ಟುಹಬ್ಬಕ್ಕೆ ಅಪ್ಪ ತಾನೇ ಎದ್ದು ಚಾಪೆ ಹತ್ತಿದ. ಒಂದಿಡೀ ಹಾಡು ನಿಲ್ಲದೆ ಕುಣಿದ. ಆ ಆಟದಲ್ಲಿ ಅಷ್ಟು ಕಡಿಮೆ ಅಂಕವೂ ಬರಬಹುದೆಂದು ಮಕ್ಕಳಿಗೆ ಅಂದೇ ಗೊತ್ತಾಗಿದ್ದು. ಅಕ್ಕ ನಕ್ಕಳು, ನಗುತ್ತ ನಗುತ್ತ ಅತ್ತಳು. ಅಮ್ಮ ಹೋದ ಮೇಲೆ ಅವಳು ಒಮ್ಮೆಯೂ ಅತ್ತಿರಲಿಲ್ಲ. ಅಪ್ಪ ಏದುಸಿರು ಬಿಡುತ್ತ ಅವಳ ಪಕ್ಕ ಚಾಪೆಯ ಮೇಲೇ ಕೂತ. ಟೀಚರ್ ಟಿವಿಯ ಸದ್ದು ತಗ್ಗಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಇಳಿದುಹೋದರು.

ಚಾಪೆ ಎರಡು ವರ್ಷ ಬಾಳಿತು. ಟೀಚರ್ ಬೇರೆ ಊರಿನಲ್ಲಿದ್ದ ತಮ್ಮನ ಮನೆ ಸೇರಿದರು. ಕಾಗದಗಳು ಬರುತ್ತಿದ್ದವು, ಕ್ರಮೇಣ ನಿಂತವು.

ತಂಗಿ ಈಗ ಬಸ್ ಓಡಿಸುತ್ತಾಳೆ. ಹೋದ ಭಾನುವಾರ ಅಪ್ಪನಿಗೆ ಊಟ ಬಡಿಸುತ್ತ, ಆ ಮಧ್ಯಾಹ್ನ ಕಂಡದ್ದನ್ನು ಮೊದಲ ಸಲ ಬಾಯಿಬಿಟ್ಟಳು. ಎಪ್ಪತ್ತು ದಾಟಿದ ಅಪ್ಪನ ಕಿವಿ ಕೆಂಪಾಯಿತು.

"ನೋಡ್ಬಿಟ್ಟಿದ್ಯಾ? ಒಂದು ತಿಂಗಳು ಕಲಿತೆ ಕಣೇ," ಎಂದ. "ಎಷ್ಟು ಬೈದ್ರು ಗೊತ್ತಾ ಆ ಮಹಾತಾಯಿ."

ಆಮೇಲೆ ತಟ್ಟೆಯಲ್ಲಿ ಕೈ ಇಟ್ಟುಕೊಂಡು ಬಹಳ ಹೊತ್ತು ತನ್ನಷ್ಟಕ್ಕೆ ನಗುತ್ತಿದ್ದ.