ತೆಳು ಗೆರೆಯ ಕೆಳಗೆ

ತಂಗಿಯ ಅಂಗಡಿ ತೆರೆಯುವ ದಿನ ಅಕ್ಕ ಬೀದಿಯ ಆಚೆ ಬದಿಯಲ್ಲಿ ನಿಂತು ಬೋರ್ಡು ನೋಡಿದಳು. ಹೆಮ್ಮೆಯಿಂದ ಬೀಗಬೇಕಿದ್ದವಳ ಎದೆ ಧಸಕ್ಕೆಂದಿತು. ‘ಹೊಲಿಗೆ ಮನೆ’ ಎಂಬ ಕಬ್ಬಿಣದ ಅಕ್ಷರಗಳಲ್ಲಿ ಕೊನೆಯ ‘ನೆ’ ಗಾಳಿಗೆ ಅಲುಗುತ್ತಿತ್ತು. ಇಡೀ ಅಕ್ಷರ ಅಲುಗಿದ್ದರೆ ಚಿಂತೆಯಿರಲಿಲ್ಲ. ತಲೆ ನೆಟ್ಟಗೆ ನಿಂತಿತ್ತು, ಕೆಳಗಿನ ದಪ್ಪ ಹೊಟ್ಟೆಯೊಂದೇ ಅತ್ತಿತ್ತ ಆಡುತ್ತಿತ್ತು. ಅದರ ನೇರ ಕೆಳಗೆ ಕುರ್ಚಿ ಹಾಕಿಕೊಂಡು ಅಮ್ಮ ಕೂತಿದ್ದಳು.

ಆ ಅಕ್ಷರ ಅಕ್ಕನದೇ. ಪುಸ್ತಕ, ಪೋಸ್ಟರುಗಳಿಗೆ ಹೊಸ ಹೊಸ ಫಾಂಟ್ ಮಾಡುವುದು ಅವಳ ಕಸುಬು. ಈ ಫಾಂಟಿಗಾಗಿ ವರ್ಷಗಟ್ಟಲೆ ಕಣ್ಣು ಸವೆಸಿದ್ದಳು. ದಪ್ಪ ಗೆರೆ ಬಲು ದಪ್ಪ, ತೆಳು ಗೆರೆ ಕೂದಲೆಳೆ, ತುದಿಗಳಿಗೆ ಕಸುಬಿನವರು ಸೆರಿಫ್ ಎನ್ನುವ ಚೂಪಾದ ಪುಟ್ಟ ಪಾದಗಳು. ನೋಡಿದವರು ಕಣ್ಣು ಕೀಳಬಾರದು, ಹಾಗಿತ್ತು. ಅದರಲ್ಲಿ ಎರಡು ಬಗೆ. ಚಿಕ್ಕದಾಗಿ ಅಚ್ಚಾಗುವಾಗ ತೆಳು ಗೆರೆ ಮಾಯವಾಗದಿರಲೆಂದು ಅದನ್ನು ಕೊಂಚ ಉಬ್ಬಿಸಿದ್ದು ಒಂದು; ದೊಡ್ಡದಾಗಿ ಮೆರೆಯಲೆಂದು ಇನ್ನಷ್ಟು ಸಣ್ಣಗಾಗಿಸಿದ್ದು ಇನ್ನೊಂದು. ಅಕ್ಷರ ದೊಡ್ಡದಾದಷ್ಟೂ ಗೆರೆ ತೆಳ್ಳಗಾಗಬೇಕು. ಅವಳ ಕೈಗೆ ಇದು ಉಸಿರಾಟದಷ್ಟೇ ರೂಢಿ.

ತಂಗಿಯ ಬೋರ್ಡು ಅವಳು ಇದುವರೆಗೆ ಮಾಡಿದ್ದೆಲ್ಲಕ್ಕಿಂತ ದೊಡ್ಡದು. ಹಿಂದುಮುಂದು ನೋಡದೆ ಅತಿ ತೆಳುವಾದದ್ದನ್ನೇ ವೆಲ್ಡರನಿಗೆ ಕಳಿಸಿದ್ದಳು. ಗೋಡೆಗೆ ಜಡಿಯಬೇಡಿ, ನೆರಳು ಚೆಂದವಾಗಿ ಬೀಳುವಂತೆ ಮೇಲಿನ ಸರಳಿಗೆ ತಲೆಯಿಂದ ನೇತುಹಾಕಿ ಎಂದವಳೂ ಅವಳೇ. ಕಾಗದದ ಮೇಲೆ ತೆಳು ಗೆರೆ ಯಾರ ಭಾರವನ್ನೂ ಹೊರುವುದಿಲ್ಲ. ಕಬ್ಬಿಣದಲ್ಲಿ ಕೆಳಗಿನ ದಪ್ಪ ಹೊಟ್ಟೆಯನ್ನು ಅದೇ ಹೊರಬೇಕೆಂಬುದು ಈ ಮಹಾ ಬುದ್ಧಿವಂತೆಗೆ ಈಗ ಹೊಳೆಯಿತು.

ಬೀದಿ ದಾಟಿ ಓಡಿದಳು. “ಅಮ್ಮ, ಏಳು. ಒಳಗೆ ಕೂತ್ಕೋ ಬಾ.”

“ಒಳಗೆ ಸೆಕೆ ಕಣೇ. ಇಲ್ಲಿ ನೆರಳಿದೆ, ಬರೋರು ಹೋಗೋರು ಎಲ್ಲಾ ಕಾಣ್ತಾರೆ.” ಅಮ್ಮ ಜಪ್ಪಯ್ಯ ಅಂದರೂ ಏಳಲಿಲ್ಲ. ಬಂದವರಿಗೆಲ್ಲ ಬೆರಳೆತ್ತಿ ತೋರಿಸುತ್ತಿದ್ದಳು. “ನಮ್ಮ ದೊಡ್ಡವಳು ಮಾಡಿದ್ದು. ಎಷ್ಟು ನಾಜೂಕು ನೋಡಿ!”

ಗಾಳಿ ಮತ್ತೆ ಬೀಸಿತು, ಮೇಲೆ ಏನೋ ಕಿರ್ರೆಂದಿತು. ಈಗಷ್ಟೇ ಅಕ್ಷರ ಹೊಗಳಿದವರು ಇನ್ನೂ ಎದುರಿಗೇ ಇದ್ದರು. ಅಕ್ಕ ಮಾನ ಮರ್ಯಾದೆ ಎಲ್ಲ ಬದಿಗಿಟ್ಟು ಕಿರುಚಿದಳು. “ಎಲ್ರೂ ಈಚೆ ಬನ್ನಿ! ನನ್ನ ಅಕ್ಷರ ತಪ್ಪಾಗಿದೆ, ಮುರಿದು ಬೀಳುತ್ತೆ!”

ಕತ್ತಿಗೆ ಅಳತೆ ಟೇಪು ಹಾಕಿಕೊಂಡಿದ್ದ ತಂಗಿ ಬಾಗಿಲಿಗೆ ಬಂದಳು. ಅವಳ ಮುಖ ಕೆಂಪಗಾಗಿತ್ತು. ಇಬ್ಬರೂ ಮಾತು ಬಿಟ್ಟು ಬಹಳ ಕಾಲವಾಗಿತ್ತು. ರಾಜಿಯಾಗಲೆಂದೇ ಅಕ್ಕ ಈ ಬೋರ್ಡನ್ನು ಉಡುಗೊರೆ ಕೊಟ್ಟಿದ್ದಳು.

“ಶುರು ಆಯ್ತಾ? ನನ್ನ ಮದುವೇಲೂ ಹೀಗೇ. ಅಕ್ಷರ ಸರಿಯಿಲ್ಲ, ಅಕ್ಷರ ಸರಿಯಿಲ್ಲ ಅಂತ ತಿದ್ದುತ್ತಾ ಕೂತೆ. ಮದುವೆ ಮುಗಿದ ಮೇಲೆ ಕಾರ್ಡ್ ಬಂತು! ಇವತ್ತೂ ಬಿಡಲ್ವಾ?”

“ಇದು ಅದಲ್ಲ ಕಣೇ. ನಿನ್ನ ದಮ್ಮಯ್ಯ, ಅಮ್ಮನ್ನ ಎಬ್ಬಿಸು.”

“ಬೀಳುತ್ತಂತೆ! ಬೀಳಲಿ, ನೋಡೇಬಿಡೋಣ.” ತಂಗಿ ಬಂದು ಅಮ್ಮನ ಪಕ್ಕದಲ್ಲಿ, ಸರಿಯಾಗಿ ‘ನೆ’ಯ ಕೆಳಗೆ ಕೈಕಟ್ಟಿ ನಿಂತಳು.

ಈಗ ಇಬ್ಬರಾದರು. ಅಕ್ಕನೂ ಹೋಗಿ ಅವರಿಬ್ಬರ ನಡುವೆ ನುಗ್ಗಿ ಎರಡೂ ಕೈ ಮೇಲೆತ್ತಿ ನಿಂತಳು. ಅಕ್ಷರ ಕೈಗೆಟುಕುವ ಎತ್ತರದಲ್ಲಿರಲಿಲ್ಲ; ಬಿದ್ದರೆ ಆ ಬಡಕಲು ಕೈಗಳು ತಡೆಯುವುದೂ ಸುಳ್ಳು. ಗೊತ್ತಿದ್ದೂ ಎತ್ತಿದಳು. ಅವಳಿಗೆ ಜೀವಮಾನದಲ್ಲಿ ಇಷ್ಟು ಭಯ ಎಂದೂ ಆಗಿರಲಿಲ್ಲ.

ತಂಗಿ ಆ ಕೈಗಳನ್ನು ನೋಡಿದಳು. ಎಷ್ಟು ತೆಳುವಾದ ಗೆರೆಯನ್ನಾದರೂ ಒಂದೇ ಉಸಿರಿಗೆ ಎಳೆಯುತ್ತಿದ್ದ ಕೈಗಳವು. ಗಡಗಡ ನಡುಗುತ್ತಿದ್ದವು. ಅವು ನಡುಗಿದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅಮ್ಮನನ್ನು ಕುರ್ಚಿ ಸಮೇತ ದರದರ ಈಚೆಗೆಳೆದಳು. ಮರಳಿ ಬಂದು ಅಕ್ಕನನ್ನು ಸೊಂಟಕ್ಕೆ ಕೈಹಾಕಿ ಎಳೆದುಕೊಂಡು ಹೋದಳು.

ಅಂಗಡಿ ನೋಡಲು ಬಂದಿದ್ದ ವೆಲ್ಡರ್ ನಗುತ್ತಲೇ ಏಣಿ ಹತ್ತಿದ. “ಸುಮ್ನೆ ಹೆದರ್ತೀರಿ ಮೇಡಂ,” ಎನ್ನುತ್ತ ‘ನೆ’ಯ ಹೊಟ್ಟೆಗೆ ಕೈಯಿಟ್ಟ. ಅದು ಮಾಗಿದ ಹಣ್ಣಿನಂತೆ ಕಳಚಿ ಅವನ ಅಂಗೈಗೆ ಬಂತು. ಭಾರ ತಾಳಲಾರದೆ ಬಿಟ್ಟುಬಿಟ್ಟ. ಅಮ್ಮನ ಕುರ್ಚಿ ಇದ್ದ ಜಾಗದಲ್ಲಿ ಹಾಸುಗಲ್ಲು ಎರಡಾಗಿ ಸೀಳಿತು.

ಸೀಳಿದ ಕಲ್ಲನ್ನೇ ನೋಡುತ್ತ ಅಮ್ಮ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

“ಅಕ್ಕ,” ತಂಗಿ ಮೆಲ್ಲಗೆ ಅಂದಳು, “ಕೈ ಇಳಿಸೇ. ಅಮ್ಮ ಇಲ್ಲೇ ಇದ್ದಾಳೆ.”

ಅಕ್ಕ ಇಳಿಸಲು ನೋಡಿದಳು. ಕೈಗಳು ಕೆಳಗೆ ಬರಲೊಲ್ಲವು. ತಂಗಿಯೇ ಒಂದೊಂದಾಗಿ ಹಿಡಿದು ಇಳಿಸಬೇಕಾಯಿತು.