ಉಷಾಯ್ ಮೇಷ್ಟ್ರು ಸಾಕಿದ ತೋಳ

ಲೋವ್ರೆನ್ಸ್ ಉಷಾಯ್ ಅವರ ಬಾಯಲ್ಲಿ ‘ಹೊಸದು’ ಎಂಬುದು ಬೈಗುಳ. ಸತ್ತು ಇನ್ನೂರೈವತ್ತು ವರ್ಷವೂ ತುಂಬದ ಸಂಗೀತಗಾರನ ಹೆಸರನ್ನು ಯಾರಾದರೂ ಎತ್ತಿದರೆ, ಓಣಿಗೆ ಮೊನ್ನೆ ಬಾಡಿಗೆಗೆ ಬಂದವನ ನಡತೆಯನ್ನು ವಿಚಾರಿಸಿದಂತೆ ಹುಬ್ಬು ಗಂಟಿಕ್ಕಿ, “ನೋಡೋಣ, ಇನ್ನೂ ಸ್ವಲ್ಪ ಕಾಲ ಹೋಗಲಿ” ಎನ್ನುತ್ತಿದ್ದರು.

ವಿಪಾವಾ ಕಣಿವೆಯ ನಮ್ಮ ಪಟ್ಟಣದ ಇಗರ್ಜಿಯಲ್ಲಿ ಮೂವತ್ತಾರು ವರ್ಷ ಆರ್ಗನ್ ನುಡಿಸಿದವರು, ಗಾಯಕವೃಂದವನ್ನು ಆಳಿದವರು ಅವರು. ಎಲ್ಲ ಋತುವಿಗೂ ಒಂದೇ ಕಂದು ಕೋಟು. ಎಡಜೇಬಿನಲ್ಲಿ ಶ್ರುತಿಕವೆ, ಬಲಜೇಬಿನಲ್ಲಿ ಒಣ ಅಂಜೂರ. ಬುರ್ಯಾ ಗಾಳಿ ಹೆಂಚು ಹಾರಿಸುವ ದಿನ ಊರೆಲ್ಲ ಗೋಡೆ ಹಿಡಿದು ನಡೆದರೆ, ಅವರು ಮಾತ್ರ ಬೀದಿಯ ನಡುವೆ, ಕಾಲ್ಬೆರಳ ತುದಿಯೊಮ್ಮೆ ಹಿಮ್ಮಡಿಯೊಮ್ಮೆ ಊರುತ್ತ, ಆರ್ಗನ್ನಿನಲ್ಲಿ ಕಾಲಿಂದ ಒತ್ತುವ ಕೀಲಿಗಳ ಮೇಲೆಯೇ ನಡೆಯುವವರಂತೆ ಅಡ್ಡಡ್ಡವಾಗಿ ಬರುತ್ತಿದ್ದರು. ಹಾಡು ಚೆನ್ನಾಗಿ ಬಂದರೆ “ಇವತ್ತು ಯಾರೂ ಸಾಯಲಿಲ್ಲ” ಎನ್ನುವುದೇ ಅವರ ಮೆಚ್ಚುಗೆ. ವೃಂದದ ಕೆಳದನಿಯ ಸಾಲಿನಲ್ಲಿ ಇಪ್ಪತ್ತು ವರ್ಷ ನಿಂತ ನಾನು ಅದನ್ನು ನಾಲ್ಕು ಸಲ ಕೇಳಿದ್ದೆ.

ಒಮ್ಮೆ ನಮ್ಮನ್ನು ರಾಜಧಾನಿ ಲ್ಯುಬ್ಲಿಯಾನಾದ ಸ್ಪರ್ಧೆಗೆ ಕರೆದೊಯ್ದರು. ನಮ್ಮ ಹಳೆಯ ಆರ್ಗನ್ನಿನ ಶ್ರುತಿ ಈಗಿನದಕ್ಕಿಂತ ಅರ್ಧ ಸ್ವರ ಕೆಳಗೆ; ಅಲ್ಲೂ ಹಾಗೇ ಹಾಡಿದೆವು. ಶ್ರುತಿ ಇಳಿದಿದೆಯೆಂದು ತೀರ್ಪುಗಾರರು ತಡೆದಾಗ ಮೇಷ್ಟ್ರು, “ನಾವು ನಿಂತಲ್ಲೇ ನಿಂತಿದ್ದೀವಿ ಸ್ವಾಮಿ, ನೀವೇ ಮೇಲಕ್ಕೇರಿದ್ದೀರಿ” ಎಂದರು. ಕೊನೆಯ ಸ್ಥಾನ ಬಂತು. ಹಿಂತಿರುಗುವ ರೈಲಿನಲ್ಲಿ ಎಲ್ಲರಿಗೂ ಅಂಜೂರ ಹಂಚಿದರು.

ಆ ಆರ್ಗನ್ನಿನ ಹಳೆಯ ಶ್ರುತಿಕ್ರಮದಲ್ಲಿ ಕೆಲವು ಸ್ವರಗಳು ಕೂಡಿದರೆ ಜೇನು. ಆ ಸಿಹಿಗೆ ತೆತ್ತ ದಂಡವೆಂಬಂತೆ ಒಂದು ಜೋಡಿ ಮಾತ್ರ ಊಳಿಡುತ್ತದೆ. ಕಸುಬಿನವರು ಅದನ್ನು ತೋಳವೆನ್ನುತ್ತಾರೆ. ಹಳೆಯ ಸಂಗೀತ ಅದರ ಹತ್ತಿರ ಸುಳಿಯುವುದಿಲ್ಲ; ಮದುವಣಗಿತ್ತಿಯರು ಬೇಕೆನ್ನುವ ಈಚಿನ ಮೆರವಣಿಗೆಯ ಸಂಗೀತವಾದರೋ ನೇರ ಅದರ ಬಾಯಿಗೇ ಹೋಗುತ್ತದೆ. ಮಾಂಸದಂಗಡಿಯ ಡೊರೊತೇಯಾ ತನ್ನ ಮದುವೆಗೆ ಹಟ ಹಿಡಿದು ಅದನ್ನೇ ನುಡಿಸಿಕೊಂಡಳು. ಪೀಠದ ಬಳಿ ತೋಳ ಊಳಿಟ್ಟಾಗ ಮದುಮಗ ಒಂದು ಹೆಜ್ಜೆ ಹಿಂದೆ ಸರಿದ. ಅಂದಿನಿಂದ ಇಪ್ಪತ್ತೆರಡು ವರ್ಷ ಅವಳು ಮೇಷ್ಟ್ರಿಗೆ ನಮಸ್ಕಾರ ಹೇಳಲಿಲ್ಲ. ವೃಂದದ ಮೊದಲ ಸಾಲನ್ನೂ ಬಿಟ್ಟುಕೊಡಲಿಲ್ಲ.

ಹೊಸದಾಗಿ ಬಂದ ಪಾದ್ರಿ ಸಿಲ್ವಾನ್, ಆರ್ಗನ್ನನ್ನು, ಎಲ್ಲ ಸ್ವರಗಳಲ್ಲೂ ಚೂರುಚೂರು ತಪ್ಪು ಹಂಚಿ ತೋಳವನ್ನೇ ಇಲ್ಲವಾಗಿಸುವ ಈಗಿನ ಶ್ರುತಿಗೆ ತರಿಸಬೇಕೆಂದರು. ಅದಕ್ಕೆ ದನಿ ಹೊರಡಿಸುವ ಕೊಳವೆಗಳ ತಲೆ ಕತ್ತರಿಸಬೇಕು. ಕತ್ತರಿಸಿದ ಮೇಲೆ ಹಳೆಯ ದನಿ ಮತ್ತೆ ಬರದು. ಸುದ್ದಿ ಕೇಳಿದ ಮೇಷ್ಟ್ರು ಬಾಯಿಗಿಡಲಿದ್ದ ಅಂಜೂರವನ್ನು ಜೇಬಿಗೆ ಹಿಂತಿರುಗಿಸಿದರು.

ಬಿಷಪ್ಪರು ಬರುವ ದಿನ ರಾಜಧಾನಿಯ ಪ್ರೊಫೆಸರೊಬ್ಬರು ನುಡಿಸಿ ಅಭಿಪ್ರಾಯ ಹೇಳುವುದು, ಬಳಿಕ ಇಗರ್ಜಿಯ ಸಮಿತಿ ಕೈಯೆತ್ತಿ ತೀರ್ಮಾನಿಸುವುದು ಎಂದಾಯಿತು. ಮೇಷ್ಟ್ರು ಮುದ್ದಾದ ಅಕ್ಷರದಲ್ಲಿ ಒಂದು ಹಾಳೆ ಬರೆದಿಟ್ಟರು: ಎಡತುದಿಯ ಕೀಲಿಗಳು ಕಂಡಂತೆ ನುಡಿಯುವುದಿಲ್ಲ, ದೊಡ್ಡ ಕೊಳವೆಗಳ ಖರ್ಚು ಉಳಿಸಲು ಹಳಬರು ಸ್ವರಗಳ ಸ್ಥಾನ ಬದಲಿಸಿದ್ದಾರೆ, ತೋಳ ಇಂಥಲ್ಲಿದೆ, ಆ ಕಡೆ ಹೋಗಬೇಡಿ.

ಪ್ರೊಫೆಸರ್ ಹಾಳೆಯನ್ನು ಪಕ್ಕಕ್ಕೆ ಸರಿಸಿದರು. “ನಾನು ಹದಿನೇಳು ದೇಶಗಳಲ್ಲಿ ನುಡಿಸಿದ್ದೀನಿ, ಮೇಷ್ಟ್ರೇ.”

“ಇದು ಹದಿನೆಂಟನೇದು.”

ಬಿಷಪ್ಪರು ಬಾಗಿಲು ದಾಟಿದರು. ಪ್ರೊಫೆಸರ್ ಭರ್ಜರಿಯಾಗಿ ಶುರುಮಾಡಿದರು. ಎಡಗೈ ಕೆಳಗಿಳಿದದ್ದೇ ತಡ, ಒತ್ತಿದ ಸ್ವರ ಒಂದು, ಬಂದದ್ದು ಇನ್ನೊಂದು. ಗಾಬರಿಯಲ್ಲಿ ತಡಕಾಡುತ್ತ ತೋಳದ ಬಾಲ ತುಳಿದರು. ಹೊರಗೆ ಚೌಕದಲ್ಲಿ ಡೊರೊತೇಯಾಳ ನಾಯಿ ಅದಕ್ಕೆ ಉತ್ತರ ಕೊಟ್ಟಿತು. ಬಿಷಪ್ಪರು ಎತ್ತಿದ ಪಾದ ಎತ್ತಿದಂತೆಯೇ ನಿಂತರು.

ಆರ್ಗನ್ ಕೆಟ್ಟಿತೆನಿಸಿದರೆ ಅದರ ಕಥೆ ಮುಗಿಯಿತೆಂದು ಮೇಷ್ಟ್ರಿಗೆ ಗೊತ್ತಿತ್ತು. ವೃಂದವನ್ನು ಬಿಟ್ಟು ಬಂದು, ಪ್ರೊಫೆಸರರನ್ನು ಸೊಂಟದಿಂದ ಮೆಲ್ಲಗೆ ನೂಕಿ ಬೆಂಚಿನಲ್ಲಿ ಜಾಗ ಮಾಡಿಕೊಂಡು, ಊಳನ್ನೇ ಹಿಡಿದೆಳೆದು ಪಕ್ಕದ ಜೇನಿನೊಳಕ್ಕೆ ಇಳಿಸಿದರು. ಅಲ್ಲಿಂದ ನಾನೂರು ವರ್ಷದ ಹಿಂದಿನ ಸಂಗೀತವೊಂದು ಹೊರಟಿತು. ಬಿಷಪ್ಪರ ಪಾದ ನೆಲ ಮುಟ್ಟಿತು.

“ನುಡಿಸಲು ಅಯೋಗ್ಯ” ಎಂದರು ಪ್ರೊಫೆಸರ್. ಸಮಿತಿಯಲ್ಲಿ ಮೂವರು ಆ ಕಡೆ, ಮೂವರು ಈ ಕಡೆ. ಉಳಿದವಳು ಡೊರೊತೇಯಾ. ಪಾದ್ರಿ ಗೆದ್ದವರ ಮುಖದಲ್ಲಿ ಅವಳತ್ತ ತಿರುಗಿದರು.

“ಕತ್ತರಿಸೋದು ಬೇಡ, ಫಾದರ್.”

“ಏನಮ್ಮಾ, ನಿನ್ನ ಮದುವೇನೇ ಹಾಳುಮಾಡಿದ್ದಲ್ವೇ ಅದು?”

“ಬೇಡಮ್ಮಾ ಅಂತ ಮೇಷ್ಟ್ರು ಮೂರು ಸಲ ಹೇಳಿದ್ರು, ನಾನು ಕೇಳಲಿಲ್ಲ. ಈ ದೊಡ್ಡ ಮನುಷ್ಯರೂ ಕೇಳಲಿಲ್ಲ. ನಾವು ಕೇಳದಿದ್ರೆ ಕೊಳವೆ ತಲೆ ಯಾಕೆ ಹೋಗ್ಬೇಕು?” ಹಾಗೇ ಸೇರಿಸಿದಳು: “ಅಲ್ಲದೆ ದ್ರಾಕ್ಷಿ ಕುಯ್ಲಾದ ಮೇಲೆ ನನ್ನ ನಾದಿನಿ ಮಗಳ ಮದುವೆ. ಅವಳೂ ಅದೇ ಮೆರವಣಿಗೆ ಸಂಗೀತಾನೇ ಬೇಕು ಅಂದಿದ್ದಾಳೆ. ನನಗೆ ಆದದ್ದು ಅವಳಿಗೂ ಆಗಲಿ.”

ಬಾಗಿಲ ಬಳಿ ನಿಂತಿದ್ದ ಮೇಷ್ಟ್ರು ಅಂಜೂರವೊಂದನ್ನು ತೆಗೆದು ಅವಳ ಅಂಗೈಗಿಟ್ಟರು. “ಇವತ್ತು ಯಾರೂ ಸಾಯಲಿಲ್ಲ” ಎಂದರು. ನಾನು ಕೇಳಿದ್ದು ಅದು ಐದನೆಯ ಸಲ.

ಇಂಥವರನ್ನು ಹಳೆಯದರ ಹುಚ್ಚರೆಂದು ತಳ್ಳಿಹಾಕುವುದು ಸುಲಭ. ಎಲ್ಲ ಸ್ವರಗಳನ್ನೂ ಒಂದಿಷ್ಟೊಂದಿಷ್ಟು ಕೆಡಿಸಿ ಯಾರಿಗೂ ನೋವಾಗದಂತೆ ಹೊಂದಿಸಿಕೊಂಡ ಲೋಕದಲ್ಲಿ, ತಮ್ಮ ತೋಳವನ್ನು ಎಲ್ಲಿ ಕಟ್ಟಿದ್ದೇವೆಂದು ಸರಿಯಾಗಿ ತಿಳಿದು, ಬಂದವರಿಗೆಲ್ಲ ಮೊದಲೇ ಹೇಳಿಬಿಡುವ ಜನ ಅವರು. ಅವರ ಕೈಕೆಳಗೆ ಹಾಡುವುದು ಕಷ್ಟ. ಹಾಡಿದವರಲ್ಲಿ ಯಾರೂ ಸತ್ತದ್ದು ನನಗೆ ಗೊತ್ತಿಲ್ಲ.