ಮರಿ ಬಿಡುವ ದಿನ

ಜೀಪಿನಿಂದ ಇಳಿಯುವ ಮೊದಲೇ ಆಶಾರಾಣಿಗೆ ವಾಸನೆ ಬಂತು. ಕೆರೆಯ ವಾಸನೆಯಲ್ಲ.

ಮೀನುಗಾರಿಕೆಯಲ್ಲಿ ಪದವಿ ಪಡೆದ ಮೇಲೆ ಅವಳು ಯಾರೂ ಕರೆಯದ ಹುದ್ದೆಗಳಿಗೆ ಕಾದಿದ್ದಳು. ಕೆರೆಗಳೇ ಒಣಗಿದ್ದ ಸೀಮೆಗೆ ಮೀನಿನ ಅಧಿಕಾರಿ ಯಾಕೆ? 2005ರ ಮಳೆಗೆ ಸಾದಲಿ ಕಡೆಯ ಕೆರೆಗಳು ತುಂಬಿ, ಸಣ್ಣದೊಂದು ಗುತ್ತಿಗೆ ಕೆಲಸ ಸಿಕ್ಕಿತು. ಅದು ಈ ಶನಿವಾರ ಮುಗಿಯುತ್ತದೆ.

"ಮೀನುಮರಿ ಬಿಡೋ ಫೋಟೊ ಚೆನ್ನಾಗಿ ಬರ್ಲಿ, ನಿಮ್ಮನ್ನ ಮುಂದುವರಿಸೋಕೆ ನಾನೇ ಬರೀತೀನಿ" ಎಂದಿದ್ದರು ಮೇಲಧಿಕಾರಿ ಗಣೇಶ್ ಪ್ರಸಾದ್. ಇಲ್ಲವಾದರೆ ಕುಡುಮಲಕುಂಟೆಯ ಕಾರ್ಖಾನೆ, ದಿನವಿಡೀ ಡಬ್ಬಿಗಳಿಗೆ ಮುಚ್ಚಳ.

ಕೆರೆಯ ಮೆಟ್ಟಿಲ ಬಳಿ ಮಾವಿನ ತೋರಣ ಕಟ್ಟಿದ್ದರು. ರೇಷ್ಮೆ ಬೆಳೆಯುವ ಪಿಳ್ಳಪ್ಪ ಊರವರ ಮುಂದೆ ನಿಂತಿದ್ದ.

"ನೀರಿಗೆ ಏನ್ ಹಾಕಿದ್ದೀರ?" ಆಶಾರಾಣಿ ಕೇಳಿದಳು.

"ಬ್ಲೀಚಿಂಗ್ ಪೌಡರ್ ಕಣಮ್ಮಾ. ಹುಳ ತರೋಕ್ ಮುಂಚೆ ಮನೆ ತೊಳೆಯಲ್ವಾ? ಮರಿಗಳು ಬರ್ತವೆ ಅಂತ ಬೆಳಗ್ಗೆ ಮೂಟೆಗಟ್ಲೆ ಚೆಲ್ಲಿಸ್ದೆ. ಒಂದು ರೋಗಾನೂ ಸುಳಿಯಲ್ಲ ನೋಡು."

"ಮೀನಿಗೆ ಅದೇ ವಿಷ, ಪಿಳ್ಳಪ್ಪಣ್ಣಾ."

"ಅಯ್ಯೋ ದೇವುಡಾ!"

"ಕೆರೆ ದೊಡ್ಡದು ಕಣ್ರೀ, ಕರಗಿ ಹೋಗುತ್ತೆ. ಬಿಡಿ" ಎಂದರು ಜೀಪಿನಿಂದಿಳಿದ ಗಣೇಶ್ ಪ್ರಸಾದ್. "ಫೋಟೊದವನಿಗೆ ಚಿಂತಾಮಣೀಲಿ ಮದುವೆ ಇದೆಯಂತೆ."

ನೀರೂ ಗಾಳಿಯೂ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಮರಿಗಳು ಸುತ್ತಿದ್ದೇ ಸುತ್ತುತ್ತಿದ್ದವು. ಅವಳ ಬೆರಳು ಒಂದು ಚೀಲದ ಗಂಟಿನ ಮೇಲಿತ್ತು. ಬಿಚ್ಚಿದರೆ ಫೋಟೊ. ಸತ್ತವು ತೇಲುವುದು ನಾಳೆ. ಆಗ ಇಲ್ಲಿ ಯಾರೂ ಇರುವುದಿಲ್ಲ.

ಬೆರಳು ತೆಗೆದಳು.

"ಆಚೆ ದಡಕ್ಕೆ ಒಯ್ಯಣ ಸಾರ್. ಅಲ್ಲೀವರೆಗೆ ಬ್ಲೀಚಿಂಗ್ ಮುಟ್ಟಿರಲ್ಲ."

"ಅಲ್ಲಿಗೆ ಜೀಪ್ ಹೋಗಲ್ಲ."

"ನಡ್ಕೊಂಡು."

"ನೀವು ನಡೀರಿ. ನಾವು ಹೊರಟ್ವಿ. ಬರಿಯೋ ವಿಚಾರ ಆಮೇಲೆ ನೋಡಣ."

ಪಿಳ್ಳಪ್ಪ ಮನೆಗೆ ಹುಡುಗರನ್ನು ಓಡಿಸಿ ಹುಳು ಸಾಕುವ ಬಿದಿರು ತಟ್ಟೆಗಳನ್ನು ತರಿಸಿದ. ಚೀಲಗಳನ್ನು ಅವುಗಳಲ್ಲಿಟ್ಟು, ತಲೆಯ ಮೇಲೆ ಹೊತ್ತು, ಊರವರು ಏರಿಯ ಮೇಲೆ ಸಾಲಾಗಿ ನಡೆದರು. ಹಿಂದೆ ಜೀಪು ಸ್ಟಾರ್ಟ್ ಆದ ಸದ್ದು. ಆಶಾರಾಣಿ ತಿರುಗಲಿಲ್ಲ, ಆಮೇಲೆ ತಿರುಗಿದಳು. ಬರೀ ಧೂಳು.

ಆಚೆ ದಡದಲ್ಲಿ ಚೀಲಗಳನ್ನು ಗಂಟು ಬಿಚ್ಚದೆ ನೀರಿನಲ್ಲಿ ತೇಲಿಬಿಟ್ಟಳು.

"ಬಿಚ್ಚೋಕೆ ಇನ್ನೂ ಏನಮ್ಮಾ?" ಎಂದ ಪಿಳ್ಳಪ್ಪ.

"ಒಳಗಿನ ನೀರೂ ಕೆರೆ ನೀರೂ ಒಂದೇ ತಂಪಿಗೆ ಬರ್ಲಿ. ಕಾಯ್ಬೇಕು."

ಕಾಯುವುದು. ಅದೊಂದನ್ನೇ ಅವಳು ಇಷ್ಟು ವರ್ಷ ಮಾಡಿದ್ದು. ಮೊಣಕಾಲುಮಟ್ಟದ ನೀರಿನಲ್ಲಿ ಅತ್ತಿಂದಿತ್ತ ನಡೆದಳು, ಕೆಸರು ಕಲಕಿತು.

"ನಿಂದು ಪರ್ಮನೆಂಟಾ ಕೆಲಸ?" ಪಿಳ್ಳಪ್ಪ ಮೆಲ್ಲಗೆ ಕೇಳಿದ.

"ಶನಿವಾರದವರೆಗೆ."

ಗಂಟು ಬಿಚ್ಚಿದಳು. ಮರಿಗಳು ಹೊರಬರಲಿಲ್ಲ, ಚೀಲದ ಬಾಯಲ್ಲೇ ಗುಂಪಾಗಿ ನಿಂತವು.

"ಹೋಗ್ರೋ" ಎಂದು ಆಶಾರಾಣಿ ಚೀಲ ಕೊಡವಿದಳು. "ಹೋಗ್ರೋ, ಇನ್ನೆಷ್ಟೊತ್ತು!"